ಮುದುಕಿ ಗುಡ್ಡದ ಎಣಿಕೆಗಾರ

ರೂಬೆನ್ ಆಲ್ಡರ್ಸನ್‌ಗೆ ಆಗ ಐವತ್ತೆಂಟು ವರ್ಷ. ಅದರಲ್ಲಿ ನಲವತ್ತೆಂಟು ಬಂಡೆಯ ಹೊಟ್ಟೆಯೊಳಗೇ ಹೋಗಿತ್ತು. ಮೊದಲು ಸ್ವೇಲ್ ಕಣಿವೆಯ ಸೀಸದ ಗಣಿ. ಅಲ್ಲಿ ಸೀಸ ಬರಿದಾಯಿತು, ಹಸಿವು ಬರಿದಾಗಲಿಲ್ಲ. ಹೆಂಡತಿ ಡಾರ್ಕಸ್, ಒಂದು ತಾಮ್ರದ ಹಂಡೆ, ಎರಡು ಕಂಬಳಿ, ಇಷ್ಟನ್ನು ಕಟ್ಟಿಕೊಂಡು ರೈಲುದಾರಿಯ ಕೂಲಿಗೆ ಬಿದ್ದ. ಒಂದು ಸುರಂಗ ಮುಗಿದರೆ ಇನ್ನೊಂದು. ಕಾರ್ಲಿನ್ ಗುಡ್ಡದ್ದು ಅವನ ಐದನೆಯದು. ಕಾರ್ಲಿನ್ ಅಂದರೆ ಆ ಸೀಮೆಯ ಆಡುಮಾತಿನಲ್ಲಿ ಮುದುಕಿ. ಕೆಲಸದವರೂ ಗುಡ್ಡವನ್ನು ಹಾಗೇ ಕರೆಯುತ್ತಿದ್ದರು.

‘ಮುದುಕಿ ಇವತ್ತು ಎಷ್ಟು ಬಿಟ್ಕೊಟ್ಳು?’

‘ಮೂರಡಿ. ಅದೂ ಮುಖಕ್ಕೆ ಉಗುಳಿ.’

ಪಾಳಿ ಬದಲಾಗುವಾಗ ದಿನಾ ನಡೆಯುವ ಮಾತು ಇದು. ಮುದುಕಿಯ ಮೈಮೇಲೆ ಒಂದು ಮರವಿರಲಿಲ್ಲ. ಜೌಗು, ಗಾಳಿ, ಕುರಿ, ಮತ್ತೆ ಜೌಗು. ತೆಂಕಣ ಕಡೆಯಿಂದ ಒಂದು ಗುಂಪು, ಬಡಗಣ ಕಡೆಯಿಂದ ಇನ್ನೊಂದು ಗುಂಪು ಮೂರು ವರ್ಷದಿಂದ ಕೊರೆಯುತ್ತಲೇ ಇದ್ದವು. ಸುರಂಗದ ಬಾಯಿಯ ಹತ್ತಿರ ಟಾರು ಬಳಿದ ಹಲಗೆಯ ಗುಡಿಸಲುಗಳ ಸಾಲು. ಹದಿನಾಲ್ಕನೆಯದು ರೂಬೆನ್‌ನದು. ಅಂದರೆ ಗುತ್ತಿಗೆದಾರನದು. ಸುರಂಗದೊಳಗೆ ಕೆಲಸ ಇರುವವರೆಗೆ ಗುಡಿಸಲು, ಕೆಲಸ ಹೋದ ದಿನ ಗುಡಿಸಲೂ ಹೋಯಿತು.

ಆ ಗುಡಿಸಲಿನಲ್ಲಿ ಡಾರ್ಕಸ್ ಒಂಬತ್ತು ಜನ ಬಾಡಿಗೆಯವರಿಗೆ ಬೇಯಿಸಿ ಹಾಕುತ್ತಿದ್ದಳು. ಒಂದೇ ಹಂಡೆ, ಒಂಬತ್ತು ದಾರ. ಅವರವರು ತಂದದ್ದನ್ನು ಅವರವರ ಬಟ್ಟೆಯಲ್ಲಿ ಕಟ್ಟಿ ಕುದಿಯುವ ನೀರಿಗೆ ಇಳಿಬಿಡುವುದು. ಒಬ್ಬನದು ಹಂದಿಮಾಂಸದ ತುಂಡು, ಒಬ್ಬನದು ಗಡ್ಡೆ, ಒಬ್ಬನದು ಕೊಬ್ಬು ಕಲಸಿದ ಹಿಟ್ಟಿನ ಕಡುಬು. ದಾರದ ತುದಿ ಹಂಡೆಯ ಅಂಚಿನಿಂದ ಹೊರಗೆ ನೇತಾಡುತ್ತಿತ್ತು, ಅದಕ್ಕೊಂದು ಗುರುತು: ಮೂಳೆ, ಗುಂಡಿ, ಮುರಿದ ಪೈಪಿನ ಚೂರು. ಯಾರಿಗೆ ಏನೂ ತರಲು ಆಗದಿದ್ದ ದಿನವೂ ಅವನ ದಾರದಲ್ಲಿ ಒಂದಿಷ್ಟು ಕಡುಬು ನೇತಾಡುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ.

‘ಅವ್ವಾ, ನನ್ ದಾರದಲ್ಲಿ ಮೂರು ಆಲೂಗಡ್ಡೆ ಕಟ್ಟಿದ್ದೆ, ಎರಡೇ ಇದೆ’ ಎಂದು ಕೆಂಚ ಒಮ್ಮೆ ಜಗಳ ತೆಗೆದ.

‘ಮೂರ್ನೇದು ನಿನ್ ಬಾಯಿ ನೋಡಿ ಕರಗೋಯ್ತು’ ಎಂದಳು ಡಾರ್ಕಸ್. ‘ಕೂತ್ಕೊಂಡು ತಿನ್ನು.’

ಕೆಂಚನ ಕೂದಲು ಗಡ್ಡ ಎಲ್ಲ ತಾಮ್ರದ ಬಣ್ಣ. ಡೆವನ್ ಕಡೆಯವನು, ಮೂವತ್ತರ ಆಳು, ಇನ್ನೊಂದು ಪಾಳಿಯಲ್ಲಿ ಬಂಡೆಗೆ ತೂತು ಕೊರೆಯುವ ಚಾಣ ಹಿಡಿಯುವವನು. ಅವನ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಯಾರ ನಿಜವಾದ ಹೆಸರೂ ಯಾರಿಗೂ ಗೊತ್ತಿರುತ್ತಿರಲಿಲ್ಲ. ಹೆಸರು ಬಿಟ್ಟು ಬಂದವರೇ ಹೆಚ್ಚು. ರೂಬೆನ್ ಮಾತ್ರ ಅಪ್ಪ ಇಟ್ಟ ಹೆಸರನ್ನು ಉಳಿಸಿಕೊಂಡಿದ್ದ. ಆದರೂ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಅಜ್ಜ ಎಂದು.

ಅಜ್ಜನ ಕೆಲಸ ಎಣಿಸುವುದು. ಎದುರಿನ ಬಂಡೆಯಲ್ಲಿ ಏಳೋ ಎಂಟೋ ಒಂಬತ್ತೋ ತೂತು ಕೊರೆಯುತ್ತಾರೆ. ಮದ್ದು ತುಂಬಿ, ಬತ್ತಿ ಇಟ್ಟು, ಜೇಡಿಮಣ್ಣಿನಿಂದ ಬಿಗಿಯುತ್ತಾರೆ. ಒಂದಾದ ಮೇಲೊಂದು ಸಿಡಿಯಲೆಂದು ಬತ್ತಿಗಳ ಉದ್ದ ಬೇರೆ ಬೇರೆ. ಬೆಂಕಿ ಕೊಟ್ಟ ಕೂಡಲೇ ಎಲ್ಲರೂ ಹಿಂದಕ್ಕೆ ಓಡಿ, ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ತುರುಕಿಕೊಳ್ಳಬೇಕು. ಆಗ ಒಬ್ಬನೇ ಒಬ್ಬ ಸಿಡಿತ ಎಣಿಸುತ್ತಾನೆ. ಉಳಿದವರು ಕಿವಿ ಮುಚ್ಚಿಕೊಂಡು, ಬಾಯಿ ತೆರೆದುಕೊಂಡು, ಮನಸ್ಸಿನಲ್ಲೂ ಎಣಿಸದೆ ಕೂತಿರಬೇಕು. ಇಬ್ಬರು ಎಣಿಸಿದರೆ ಇಬ್ಬರದೂ ಸುಳ್ಳಾಗುತ್ತದೆ, ಜಗಳವೂ ಆಗುತ್ತದೆ ಎಂದು ಹಿಂದಿನವರ ಕಟ್ಟಳೆ. ಎಣಿಸಬಾರದೆಂದು ಕೆಲವರು ಒಳಗೊಳಗೇ ಪದ ಹೇಳಿಕೊಳ್ಳುತ್ತಿದ್ದರು. ಕೊನೆಗೆ ಎಣಿಕೆಗಾರ ಬಾಯಿಬಿಟ್ಟು ಹೇಳುತ್ತಾನೆ: ‘ಒಂಬತ್ತು, ಸಂದಿತು.’ ಒಂದೇ ಸಲ. ಹೇಳಿದ ಸಂಖ್ಯೆಯನ್ನು ವಾಪಸು ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡವನ ಮಾತನ್ನು ಮಾರನೆಯ ದಿನ ಯಾರು ನಂಬುತ್ತಾರೆ?

ಒಂದು ತೂತು ಸಿಡಿಯದೆ ಉಳಿದರೆ ಮುಂದಿನ ಪಾಳಿಯವನು ಅದರ ಮೇಲೇ ಚಾಣ ಇಡಬಹುದು. ಅವನ ಚೂರುಗಳನ್ನು ಗೋಣಿಯಲ್ಲಿ ಆಯ್ದುಕೊಂಡು ಬರಬೇಕಾಗುತ್ತದೆ. ಇದಕ್ಕೇ ಎಣಿಕೆಗಾರನಿಗೆ ಅಷ್ಟು ಮರ್ಯಾದೆ. ರೂಬೆನ್‌ನ ಕೈಯಲ್ಲಿ ಸುತ್ತಿಗೆ ನಡುಗಲು ಶುರುವಾದ ಮೇಲೆ ಮೇಸ್ತ್ರಿ ನೆಡ್ ಕ್ರಂಪ್ ಅವನಿಗೆ ಈ ಕೆಲಸ ಕೊಟ್ಟಿದ್ದ. ಎಡಗೈಯಲ್ಲಿ ಎಷ್ಟು ತೂತೋ ಅಷ್ಟು ಕಲ್ಲಿನ ಹರಳು, ಒಂದು ಸಿಡಿತಕ್ಕೆ ಒಂದು ಹರಳು ಜೇಬಿಗೆ. ಕೈ ಖಾಲಿಯಾದರೆ ಸಂದಿತು.

ಇಂಥ ಕೆಲಸದ ರೂಬೆನ್‌ಗೆ ಕಿವಿ ಕೇಳುತ್ತಿರಲಿಲ್ಲ.

ಒಂದೇ ಸಲ ಹೋದದ್ದಲ್ಲ. ಮೊದಲು ಹಕ್ಕಿಗಳು ಹೋದವು. ಆಮೇಲೆ ಹಂಡೆಯ ಕುದಿತ. ಆಮೇಲೆ ಡಾರ್ಕಸಳ ಗೊಣಗಾಟ, ಅದನ್ನೊಂದು ಲಾಭ ಎಂದೇ ಅಂದುಕೊಂಡ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಗೂಡಿನಲ್ಲಿ ಕೂತಾಗ ಸಿಡಿತವೇ ಕೇಳಲಿಲ್ಲ. ಬೆನ್ನ ಹಿಂದಿನ ಬಂಡೆ ಮಾತ್ರ ಗುದ್ದಿತು. ಅವನು ಗುದ್ದನ್ನೇ ಎಣಿಸಿದ. ಅಂದಿನಿಂದ ಅಂಗೈಯನ್ನು ಕಲ್ಲು ಸಾಗಿಸುವ ಗಾಡಿಯ ಹಳಿಯ ಮೇಲೆ ಊರಿ, ಬೆನ್ನನ್ನು ಬಂಡೆಗೆ ಒತ್ತಿ ಕೂರುವುದು ರೂಢಿಯಾಯಿತು. ಮುದುಕನಿಗೆ ನಡುನೋವು ಎಂದುಕೊಂಡರು ಜನ. ಸುರಂಗದವರಲ್ಲಿ ಅರ್ಧಕ್ಕರ್ಧ ಮಂದಿ ಕಿವುಡರೇ, ಎಲ್ಲರೂ ಕಿರುಚಿಯೇ ಮಾತಾಡುವವರು. ಅಂಥಲ್ಲಿ ಇನ್ನೊಬ್ಬ ಕಿವುಡ ಹೆಚ್ಚಾದರೆ ಯಾರಿಗೆ ಗೊತ್ತಾಗುತ್ತದೆ? ಅವನು ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತ. ಡಾರ್ಕಸ್ ಒಬ್ಬಳಿಗೇ ಗೊತ್ತಿತ್ತು. ಒಂದು ಸಂಜೆ ಅವಳು ಬೇಕೆಂದೇ ಅವನ ಬೆನ್ನ ಹಿಂದೆ ತಪ್ಪಲೆ ಎತ್ತಿ ಹಾಕಿದಳು. ಅವನು ಪೈಪು ಸೇದುತ್ತಲೇ ಇದ್ದ.

‘ಯಾವಾಗಿಂದ?’ ಎಂದಳು ಎದುರಿಗೆ ಬಂದು.

‘ಕಳೆದ ಚಳಿಗಾಲದಿಂದ.’

‘ಹೇಳ್ಬೇಡ. ಯಾರಿಗೂ ಹೇಳ್ಬೇಡ ಮುದುಕಾ. ಕೆಳಗಿನ ಪೇಟೆ ಬಡವರ ಮನೆಗೆ ಹಾಕ್ತಾರೆ. ಅಲ್ಲಿ ಗಂಡಸ್ರು ಒಂದು ಕಡೆ, ಹೆಂಗಸ್ರು ಒಂದು ಕಡೆ. ಮೂವತ್ತಾರು ವರ್ಷ ನಿನ್ ಗೊರಕೆ ಕೇಳಿದೀನಿ. ಇನ್ಮೇಲೆ ಗೋಡೆ ಆಚೆ ಕೂತ್ಕೊಂಡು ಸಾಯೋಕೆ ನನ್ ಕೈಲಾಗಲ್ಲ.’

ಅವನು ಹೇಳಲಿಲ್ಲ. ಆ ಬೇಸಿಗೆಯಲ್ಲಿ ಬಾತುಕೋಳಿ ಸತ್ತ.

ಬಾತುಕೋಳಿ ಎಂದರೆ ಕೆಂಚನ ಜೊತೆಯವನು, ಕೆಂಚ ಹಿಡಿದ ಚಾಣಕ್ಕೆ ಸುತ್ತಿಗೆ ಹೊಡೆಯುತ್ತಿದ್ದವನು. ನಡಿಗೆ ಹಾಗಿತ್ತು, ಅದಕ್ಕೇ ಆ ಹೆಸರು. ಏಳು ತೂತು, ರೂಬೆನ್ ಏಳು ಗುದ್ದು ಎಣಿಸಿ ಸಂದಿತು ಎಂದಿದ್ದ. ಏಳನೆಯದು ಸಿಡಿತವಲ್ಲ, ಮೇಲಿನಿಂದ ಬಂಡೆ ಕಳಚಿ ಬಿದ್ದದ್ದು. ಕಿವಿಗಾದರೆ ಎರಡರ ವ್ಯತ್ಯಾಸ ಮಗುವಿಗೂ ತಿಳಿಯುತ್ತದೆ, ಅಂಗೈಗೆ ತಿಳಿಯುವುದಿಲ್ಲ. ಆ ದಿನ ಕೆಂಚನಿಗೆ ಜ್ವರ, ಮಲಗಿದ್ದ. ಬಾತುಕೋಳಿ ಉಳಿದ ಮದ್ದಿನ ಮೇಲೆ ಹೊಡೆದ. ಹೆಂಡದಂಗಡಿಯ ಮಾಳಿಗೆಯಲ್ಲಿ ವಿಚಾರಣೆ ನಡೆಯಿತು. ಕುರಿ ಸಾಕುವ ಹನ್ನೆರಡು ಜನ ಪಂಚರಾಗಿ ಕೂತರು. ರೂಬೆನ್ ಎದ್ದು ನಿಂತು, ‘ಏಳು, ನಾನೇ ಎಣಿಸಿದ್ದು’ ಎಂದ. ಎಲ್ಲ ಸಿಡಿದಿತ್ತು, ತೂತಿನ ತಳದಲ್ಲಿ ಉಳಿದ ಮದ್ದನ್ನು ನೋಡದೆ ಹೊಡೆದದ್ದು ಸತ್ತವನ ಅಜಾಗರೂಕತೆ ಎಂದು ಬರೆದುಕೊಂಡು ಪಂಚರು ಕೆಳಗಿಳಿದು ಬಿಯರ್ ಕುಡಿದರು. ಸತ್ತವನ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲದ್ದರಿಂದ ಚರ್ಚಿನ ಪುಸ್ತಕದಲ್ಲಿ ‘ಬಾತುಕೋಳಿ ಎಂಬ ಒಬ್ಬ ಮನುಷ್ಯ’ ಎಂದಾಯಿತು. ಕೆಂಚ ಚಾಕುವಿನಿಂದ ಒಂದು ಹಲಗೆಯ ಮೇಲೆ ಅದನ್ನೇ ಕೊರೆದು ಗೋರಿಯ ಮೇಲೆ ನೆಟ್ಟ.

ಅಲ್ಲಿಂದ ಹದಿನೆಂಟು ತಿಂಗಳು ರೂಬೆನ್ ಕೆಂಚನ ಎದುರು ಕೂತು ಊಟ ಮಾಡಿದ. ಮನುಷ್ಯ ಯಾವುದಕ್ಕೂ ಒಗ್ಗಿಹೋಗುತ್ತಾನೆ. ಒಗ್ಗಿಹೋದೆ ಎಂದು ಅಂದುಕೊಳ್ಳುವಷ್ಟು ದಣಿಯುತ್ತಾನೆ ಎಂದರೆ ಹೆಚ್ಚು ಸರಿ.

ಫೆಬ್ರವರಿಯ ಕೊನೆಯ ಬುಧವಾರ. ಬಡಗಣ ಗುಂಪಿನವರ ಸುತ್ತಿಗೆ ಬಂಡೆಯಾಚೆ ಕೇಳುವಷ್ಟು ಹತ್ತಿರವಾಗಿತ್ತು, ಇನ್ನು ಹನ್ನೆರಡು ಅಡಿ ಎನ್ನುತ್ತಿದ್ದರು. ರೂಬೆನ್‌ಗೆ ಅದು ಅಂಗೈಯಲ್ಲಿ ಇರುವೆ ಹರಿದ ಹಾಗೆ. ಶುಕ್ರವಾರ ರೈಲು ಕಂಪನಿಯ ದೊಡ್ಡವರು ಬರುವವರಿದ್ದರು. ಅಷ್ಟರೊಳಗೆ ಎರಡೂ ಕಡೆ ಕೂಡಬೇಕೆಂದು ಗುತ್ತಿಗೆದಾರನ ಏಜೆಂಟ್ ಥಾರ್ಪ್ ಮೇಸ್ತ್ರಿಯ ಬೆನ್ನು ಬಿದ್ದಿದ್ದ, ಮೇಸ್ತ್ರಿ ಆಳುಗಳ ಬೆನ್ನು ಬಿದ್ದಿದ್ದ. ಆಳುಗಳಿಗೆ ಬೆನ್ನು ಬೀಳಲು ಬಂಡೆ ಬಿಟ್ಟು ಇನ್ನೇನೂ ಇರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗಬೇಕು. ಅದಕ್ಕೆ ಸ್ವಲ್ಪ ಮುಂಚೆ ಒಂಬತ್ತು ತೂತಿಗೆ ಬೆಂಕಿ ಕೊಟ್ಟು ಎಲ್ಲರೂ ಗೂಡು ಸೇರಿದರು. ರೂಬೆನ್ ಎಂದಿನ ಹಾಗೆ ಕೂತು ಅಂಗೈ ಊರಿದ. ಒಂದು. ಎರಡು. ಮೂರು ನಾಲ್ಕು ಬೆನ್ನು ಬೆನ್ನಿಗೇ. ಹರಳುಗಳು ಜೇಬಿಗೆ ಬಿದ್ದವು. ಎಂಟು. ಆಮೇಲೆ ಏನೂ ಇಲ್ಲ. ಉಸಿರು ಎಂಟು ಹತ್ತು ಸಲ ಒಳಗೆ ಹೊರಗೆ ಆಯಿತು. ಆಮೇಲೆ ಒಂದು ಮಂದ ತಳ್ಳು, ಅಂಗೈಗಿಂತ ಕುಂಡೆಗೆ ಹೆಚ್ಚು ತಿಳಿದದ್ದು. ಸಿಡಿತವೋ, ಬಂಡೆ ಬಿದ್ದದ್ದೋ?

ಅವನು ಸುತ್ತ ನೋಡಿದ. ಟೊಪ್ಪಿಗೆಗೆ ಅಂಟಿಸಿದ ಮೇಣದಬತ್ತಿಯ ಬೆಳಕಿನಲ್ಲಿ ಆರು ಮುಖ. ಆರೂ ಕಣ್ಣು ಮುಚ್ಚಿ, ಕಿವಿ ಒತ್ತಿ ಹಿಡಿದು, ಬಾಯಿ ತೆರೆದು ಸತ್ತ ಮೀನುಗಳ ಹಾಗೆ ಕೂತಿದ್ದವು. ಕಟ್ಟಳೆಯಂತೆ ಯಾರೂ ಎಣಿಸಿರಲಿಲ್ಲ. ಕ್ರಂಪ್ ಕಣ್ಣು ಬಿಟ್ಟು ಗಲ್ಲ ಎತ್ತಿದ. ಎಷ್ಟು?

‘ಒಂಬತ್ತು, ಸಂದಿತು’ ಎಂದಿತು ರೂಬೆನ್‌ನ ಬಾಯಿ.

ಯಾಕೆ ಹಾಗೆಂದ ಎಂದು ಆಮೇಲೆ ಅವನೇ ಕೇಳಿಕೊಂಡ. ಹೆದರಿಕೆಯಲ್ಲ, ಆಸೆಯೂ ಅಲ್ಲ. ಬೆಳಗಿನ ಆರರಿಂದ ನೀರಿನಲ್ಲಿ ನಿಂತಿದ್ದ. ಎಂಟು ಎಂದರೆ ಸಿಡಿಯದ್ದನ್ನು ಹುಡುಕಿ ತೆಗೆಯಲು ಇನ್ನೂ ಮೂರು ತಾಸು ಅಲ್ಲೇ. ಒಂಬತ್ತು ಎಂದರೆ ಮನೆ. ನಾಲಿಗೆ ಮನೆಯ ದಾರಿ ಹಿಡಿಯಿತು, ಅಷ್ಟೆ.

ಹೊಗೆ ತಿಳಿಯಾಗುವವರೆಗೆ ಕಾದು ಎಲ್ಲರೂ ಹೊರಗೆ ನಡೆದರು. ಅರ್ಧ ದಾರಿಯಲ್ಲಿ ಇನ್ನೊಂದು ಪಾಳಿ ಎದುರಾಯಿತು. ಕೆಂಚ ಮುಂದೆ, ಹೆಗಲ ಮೇಲೆ ಚಾಣಗಳ ಕಟ್ಟು.

‘ಅಜ್ಜಾ, ಏನಂತಾಳೆ ಮುದುಕಿ?’

ರೂಬೆನ್ ತುಟಿಯ ಮೇಲೆ ಅಷ್ಟು ಓದಿದ. ಗೋಡೆಗೆ ಸರಿದು ದಾರಿ ಬಿಟ್ಟ. ಕೆಂಚ ನಕ್ಕು, ಪಕ್ಕದವನಿಗೆ ಏನೋ ಹೇಳಿ ದಾಟಿಹೋದ. ರೂಬೆನ್ ಇಪ್ಪತ್ತು ಹೆಜ್ಜೆ ನಡೆದ. ಎಡಗೈ ಮುಷ್ಟಿ ಬಿಗಿದೇ ಇತ್ತು. ಬಿಚ್ಚಿ ನೋಡಿದ. ಒಂಬತ್ತನೆಯ ಹರಳು ಅಲ್ಲೇ ಕೂತಿತ್ತು.

ಅವನು ತಿರುಗಿ ಓಡಿದ. ಐವತ್ತೆಂಟರ ಓಟ, ಕೆಸರಿನಲ್ಲಿ, ಹಳಿಯ ಅಡ್ಡಪಟ್ಟಿಗಳಿಗೆ ಎಡವುತ್ತ. ಕೂಗುತ್ತಿದ್ದ, ಎಷ್ಟು ಜೋರಾಗಿ ಎಂಬುದು ಅವನಿಗೆ ತಿಳಿಯದು. ಮುಂದಿನ ಬೆಳಕುಗಳು ನಿಂತು ಹಿಂದಕ್ಕೆ ತಿರುಗಿದವು.

‘ಹೋಗ್ಬೇಡಿ. ನನ್ ಲೆಕ್ಕ ಸುಳ್ಳು.’

ಹಿಂದಿನಿಂದ ಕ್ರಂಪ್ ಓಡಿಬಂದ. ಅವನ ಮುಖ ಎದುರಿಗೆ ಬಂದಾಗ ಮಾತು ಅರ್ಧ ಆಗಿಹೋಗಿತ್ತು. ‘... ಹೇಳಿದ್ದು ಹೇಳಿದ್ದೇ. ಒಂಬತ್ತು ಅಂದಿದೀಯ. ತಿರುಗಿಸೋ ಹಾಗಿಲ್ಲ.’

‘ತಿರುಗಿಸ್ತಾ ಇದೀನಿ.’

‘ಕುಡ್ದಿದೀಯೇನಯ್ಯಾ?’

‘ಇಲ್ಲ ಮೇಸ್ತ್ರಿ. ನಂಗೆ ಕಿವಿ ಕೇಳಲ್ಲ. ಎರಡು ವರ್ಷ ಆಯ್ತು. ಅಂಗೈಲಿ ಎಣಿಸ್ತಿದ್ದೆ. ಎಂಟು ಸರಿಯಾಗಿ ತಿಳೀತು. ಒಂಬತ್ತನೇದು ಮದ್ದೋ ಕಲ್ಲೋ ಗೊತ್ತಾಗ್ಲಿಲ್ಲ.’

ಯಾರೋ ನಕ್ಕರು. ಹಲ್ಲು ಕಂಡಿತು. ಆಮೇಲೆ ಯಾರ ಹಲ್ಲೂ ಕಾಣಲಿಲ್ಲ. ಕೆಂಚ ಚಾಣಗಳ ಕಟ್ಟನ್ನು ನಿಧಾನವಾಗಿ ಕೆಳಗಿಟ್ಟು ಹತ್ತಿರ ಬಂದ. ಮುದುಕನ ಗಲ್ಲ ಹಿಡಿದು ತನ್ನ ಮುಖದ ಕಡೆ ತಿರುಗಿಸಿಕೊಂಡ. ಒಂದೊಂದೇ ಮಾತನ್ನು ಬಿಡಿಸಿ ಕೇಳಿದ.

‘ಬಾತುಕೋಳಿಗೆ ಎಣಿಸಿದ್ದೂ ಅಂಗೈಲೇನಾ?’

ಇಲ್ಲ ಎನ್ನಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

‘ಹೌದು’ ಎಂದ ರೂಬೆನ್.

ಹೊಡೆಯುತ್ತಾನೆ ಎಂದು ಕಾದ. ಕೆಂಚ ಗಲ್ಲ ಬಿಟ್ಟು, ಕೈಯನ್ನು ಷರಾಯಿಗೆ ಒರೆಸಿಕೊಂಡು, ಹೋಗಿ ಹಳಿಯ ಮೇಲೆ ಕೂತುಬಿಟ್ಟ. ಅವನ ಪಾಳಿಯ ಉಳಿದ ಆರು ಜನರೂ ಒಬ್ಬೊಬ್ಬರಾಗಿ ಕೂತರು. ಮುಷ್ಕರ, ಹೋರಾಟ ಎಂದೆಲ್ಲ ಆಮೇಲೆ ಹೇಳಿದವರುಂಟು. ಸುಳ್ಳು. ಬಂಡೆಯಲ್ಲಿ ಮದ್ದು ಇದೆಯೋ ಇಲ್ಲವೋ ಗೊತ್ತಿಲ್ಲದಾಗ ಕೂರದೆ ಕುಣಿಯುತ್ತಾರೆಯೇ?

ಏಜೆಂಟ್ ಥಾರ್ಪ್ ಲಾಟೀನು ಹಿಡಿದು ಬಂದಾಗ ಮೂರು ಗಂಟೆ. ಬೂಟು ಕೆಸರಾದದ್ದಕ್ಕೇ ಅರ್ಧ ಸಿಟ್ಟು.

‘ಏನ್ರೋ ಇದು, ಜಾತ್ರೇನಾ? ಎದ್ದೇಳಿ.’

‘ಎಣಿಕೆ ಕೆಟ್ಟಿದೆ ಧಣಿ’ ಎಂದ ಕ್ರಂಪ್.

‘ಒಂಬತ್ತು ಅಂತ ಹೇಳಿ ಆಯ್ತಂತಲ್ಲ?’

‘ಹೇಳಿದವನು ಕಿವುಡ ಧಣಿ.’

‘ಹಾಗಾದ್ರೆ ನೀನು ಎಣಿಸ್ಬೇಕಿತ್ತು.’

‘ಕಟ್ಟಳೆ ಇಲ್ಲ.’

ಥಾರ್ಪ್ ಕೆಂಚನ ಕಡೆ ತಿರುಗಿದ. ‘ಏಳ್ತೀಯೋ, ಊರು ಬಿಡ್ತೀಯೋ?’

‘ನೀವೊಂದು ಸಲ ಮುಂದೆ ಹೋಗಿ ಚಾಣ ಇಟ್ಟು ಬನ್ನಿ ಧಣಿ’ ಎಂದ ಕೆಂಚ ಕೂತಲ್ಲಿಂದಲೇ. ‘ವಾಪಸ್ ಬಂದ್ರೆ ಏಳ್ತೀನಿ.’

ಥಾರ್ಪ್‌ನ ಬಾಯಿ ಬಹಳ ಹೊತ್ತು ಆಡಿತು. ಲಾಟೀನು ಅವನ ಸೊಂಟದ ಹತ್ತಿರವಿತ್ತು, ಮುಖ ಕತ್ತಲಲ್ಲಿ, ರೂಬೆನ್‌ಗೆ ಒಂದು ಮಾತೂ ಸಿಗಲಿಲ್ಲ. ಸಿಗಬೇಕಾಗಿಯೂ ಇರಲಿಲ್ಲ. ಅವನು ಗೋಡೆಗೆ ಒರಗಿಸಿಟ್ಟ ಮರದ ಗೋರು, ನೀರಿನ ಬಕೆಟ್ ಎತ್ತಿಕೊಂಡ. ಕಬ್ಬಿಣ ತಾಗಿದರೆ ಕಿಡಿ ಹಾರುತ್ತದೆ, ಮರಕ್ಕೆ ಆ ಕಾಟವಿಲ್ಲ.

‘ನಾನು ಹೋಗಿ ನೋಡ್ತೀನಿ. ಎಣಿಸಿದವನು ನಾನು.’

ಯಾರೂ ತಡೆಯಲಿಲ್ಲ. ನೂರು ಗಜ ಹೋದ ಮೇಲೆ ಹಿಂದಿನಿಂದ ಬೆಳಕು ಅಲುಗಿ ತನ್ನ ನೆರಳು ಎರಡಾಯಿತು. ತಿರುಗಿದರೆ ಕೆಂಚ, ಇನ್ನೊಂದು ಬಕೆಟ್ ಹಿಡಿದು.

‘ಮೇಲಿನ ಬಂಡೆ ಲಟಲಟ ಅಂದ್ರೂ ನಿಂಗೆ ಕೇಳಲ್ಲ. ಹೂತ್ಕೊಂಡ್ರೆ ನಿನ್ನ ಅಗೆಯೋ ಕೆಲ್ಸ ನಮಗೆ’ ಎಂದ. ಆಮೇಲೆ ಮತ್ತೆ ತುಟಿ ತೋರಿಸಿ ಹೇಳಿದ, ‘ನಿನಗೋಸ್ಕರ ಬಂದಿಲ್ಲ.’

ಸಿಡಿದ ಕಲ್ಲು ಎದುರಿನ ಬಂಡೆಯ ಕಾಲಬುಡದಲ್ಲಿ ಎದೆಯೆತ್ತರ ಬಿದ್ದಿತ್ತು. ಇಬ್ಬರೂ ಸೇರಿ ಅದಕ್ಕೆ ನೀರು ಸುರಿದರು. ಕೈಯಿಂದ ಒಂದೊಂದೇ ಕಲ್ಲು ಎತ್ತಿ ಹಿಂದಕ್ಕೆ ಹಾಕಿದರು, ಮತ್ತೆ ನೀರು. ಮೇಲಿನ ಆರು ತೂತಿನ ಗುರುತು ಬೇಗ ಸಿಕ್ಕಿತು. ಏಳನೆಯದು, ಎಂಟನೆಯದು ಪಕ್ಕದಲ್ಲಿ. ಒಂಬತ್ತನೆಯದು ತೀರ ಕೆಳಗೆ, ಎಡಮೂಲೆಯಲ್ಲಿ. ಅದರ ಮೇಲೊಂದು ಹಾಸುಬಂಡೆ ಬಿದ್ದಿತ್ತು. ಅದನ್ನು ಅಲುಗಾಡಿಸಿ ಒಂದು ಬದಿಗೆ ಸರಿಸಿದರು. ಎರಡು ತಾಸು ಆಗಿತ್ತು. ಕೆಂಚ ಬೋರಲು ಮಲಗಿ, ತೋಳು ಒಳಗೆ ತೂರಿಸಿ, ಬೆರಳಿನಿಂದ ತಡಕಿದ. ಅವನ ಮುಖ ಬಂಡೆಯ ಕಡೆಗಿತ್ತು. ರೂಬೆನ್‌ಗೆ ಕಂಡದ್ದು ಅವನ ಬೆನ್ನು ಮಾತ್ರ, ಉಸಿರಿಗೆ ಏರಿಳಿಯುವ ಬೆನ್ನು.

ಕೆಂಚ ಎದ್ದು ಕೂತ. ಬೆರಳು ತೋರಿಸಿದ. ಮಸಿ ಹತ್ತಿತ್ತು. ಮದ್ದಿನ ಕಾಳು ಒಂದೂ ಇರಲಿಲ್ಲ.

‘ಸಿಡಿದಿದೆ’ ಎಂದ. ‘ಒಂಬತ್ತೂ ಸಿಡಿದಿದೆ. ನೀನು ಸರಿಯಾಗೇ ಎಣಿಸಿದ್ದೆ.’

‘ಇಲ್ಲ’ ಎಂದ ರೂಬೆನ್. ‘ಎಣಿಸಿರ್ಲಿಲ್ಲ. ಬಾಯಿಗೆ ಬಂದದ್ದು ಹೇಳಿದ್ದೆ.’

ಕೆಂಚ ಆ ಮಸಿ ಬೆರಳನ್ನು ಬಕೆಟ್‌ನ ನೀರಿನಲ್ಲಿ ತೊಳೆದ. ಆಮೇಲೆ ಬಕೆಟ್ ಎತ್ತಿಕೊಂಡು ಹೊರಟ. ಸರಿಯಾಗೇ ಎಣಿಸಿದ್ದೆ ಎಂದದ್ದೇ ಅವನು ರೂಬೆನ್‌ಗೆ ನೇರವಾಗಿ ಆಡಿದ ಕೊನೆಯ ಮಾತು.

ಸುದ್ದಿ ರೂಬೆನ್‌ಗಿಂತ ಮುಂಚೆ ಗುಡಿಸಲು ಮುಟ್ಟಿತ್ತು. ಡಾರ್ಕಸ್ ಬಾಗಿಲಲ್ಲಿ ನಿಂತಿರಲಿಲ್ಲ, ಹಂಡೆಯ ಹತ್ತಿರ ಇದ್ದಳು. ಅವನು ಬೂಟು ಕಳಚಲು ಬಗ್ಗಿದ, ಲೇಸು ಬಿಚ್ಚಲು ಬೆರಳು ಬಾಗಲಿಲ್ಲ. ಅವಳು ಬಂದು ಕೂತು ಬಿಚ್ಚಿದಳು.

‘ಹೇಳ್ಬೇಡ ಅಂದಿದ್ದೆ.’

‘ಹೇಳ್ಬಿಟ್ಟೆ.’

‘ಎಲ್ಲಾ ಸಿಡಿದಿತ್ತಂತೆ. ಬಾಯಿ ಮುಚ್ಕೊಂಡಿದ್ರೆ ಏನೂ ಆಗ್ತಿರ್ಲಿಲ್ಲ.’

‘ಈ ಸಲ ಆಗ್ತಿರ್ಲಿಲ್ಲ.’

ಅವಳು ಎರಡನೆಯ ಬೂಟನ್ನು ಎಳೆದು ಒಲೆಯ ಹತ್ತಿರ ಎಸೆದಳು. ‘ಗುಮಾಸ್ತ ಬಂದಿದ್ದ. ಶನಿವಾರ ಬೀಗದ ಕೈ ಕೊಡ್ಬೇಕಂತೆ.’ ಅಷ್ಟು ಹೇಳಿ ಎದ್ದಳು. ಅಳಲಿಲ್ಲ. ಒಂಬತ್ತು ಜನರ ಊಟ ಹಂಡೆಯಲ್ಲಿತ್ತು, ಅಳುವುದಕ್ಕೂ ಬಿಡುವು ಬೇಕಲ್ಲ.

ಮಾರನೆಯ ದಿನ ಬೆಳಿಗ್ಗೆ ಎರಡು ಪಾಳಿಯವರೂ ಸುರಂಗದ ಬಾಯಿಯಲ್ಲಿ ನಿಂತರು, ಒಳಗೆ ಹೋಗಲಿಲ್ಲ. ಇನ್ನು ಮೇಲೆ ಇಬ್ಬರು ಎಣಿಸಬೇಕು, ಇಬ್ಬರೂ ಬೇರೆ ಬೇರೆ ಗೂಡಿನಲ್ಲಿರಬೇಕು, ಎರಡೂ ಸಂಖ್ಯೆ ಕೂಡದಿದ್ದರೆ ಯಾರೂ ಎದುರಿನ ಬಂಡೆಗೆ ಹೋಗುವಂತಿಲ್ಲ. ಕೆಂಚ ಹೇಳಿದ, ಉಳಿದವರು ತಲೆಯಾಡಿಸಿದರು. ಗುಂಪಿನಲ್ಲಿದ್ದ ಮೂರು ಬೆರಳಿನ ವಿಲ್ ಎಂಬ ಹಳೆಯ ಆಳು, ಡಾರ್ಕಸಳ ಬಾಡಿಗೆಯವನೇ, ಅಜ್ಜನ ಗುಡಿಸಲಿನ ವಿಷಯವನ್ನೂ ಕೇಳೋಣ ಎಂದ.

‘ಬೇಡ’ ಎಂದ ಕೆಂಚ. ‘ಎರಡು ಕೇಳಿದ್ರೆ ಸುಲಭದ್ದು ಕೊಟ್ಟು ಇನ್ನೊಂದಕ್ಕೆ ಕೈ ಎತ್ತಿಬಿಡ್ತಾರೆ. ಒಂದೇ ಕೇಳಿ. ಗುಡಿಸಲಿನದು ನಾನು ನೋಡ್ಕೋತೀನಿ.’

ಶುಕ್ರವಾರ ದೊಡ್ಡವರು ಬರುವವರಿದ್ದರಲ್ಲ, ಥಾರ್ಪ್ ಮಧ್ಯಾಹ್ನದೊಳಗೆ ಒಪ್ಪಿದ. ಬೇರೆ ವಾರವಾಗಿದ್ದರೆ ಒಪ್ಪುತ್ತಿರಲಿಲ್ಲ, ಗುಂಪನ್ನೇ ಬದಲಾಯಿಸುತ್ತಿದ್ದ. ನ್ಯಾಯಕ್ಕೂ ವಾರ ನೋಡಿ ಬರುವ ಅಭ್ಯಾಸವಿದೆ.

ಶನಿವಾರ ಗುಮಾಸ್ತ ಬೀಗದ ಕೈಗೆ ಬಂದಾಗ ಹೊಸಿಲ ಮೇಲೆ ಕೆಂಚ ಕೂತಿದ್ದ. ಡಾರ್ಕಸ್ ಕಂಬಳಿ ಸುತ್ತಿ ಕಟ್ಟಿಯಾಗಿತ್ತು. ರೂಬೆನ್ ಒಳಗೆ ಬೆಂಚಿನ ಮೇಲೆ, ಟೊಪ್ಪಿಗೆ ಮಂಡಿಯ ಮೇಲಿಟ್ಟುಕೊಂಡು. ತೆರೆದ ಬಾಗಿಲಿನಿಂದ ಗುಮಾಸ್ತನ ಬಾಯಿ ಅವನಿಗೆ ಕಾಣುತ್ತಿತ್ತು, ಕೆಂಚನದು ಕಾಣುತ್ತಿರಲಿಲ್ಲ.

‘ನಿನ್ ಹೆಸರಿಗಾ?’ ಎನ್ನುತ್ತಿದ್ದ ಗುಮಾಸ್ತ. ‘ಒಂಟಿ ಗಂಡಸಿಗೆ ಗುಡಿಸಲು ಕೊಡಲ್ಲ. ಬೇಯಿಸಿ ಹಾಕೋ ಹೆಂಗಸು ಇರ್ಬೇಕು.’

ಕೆಂಚ ಏನೋ ಅಂದ.

‘ಇದಾಳಾ? ಯಾರು? ... ಈ ಮುದುಕಿನಾ?’ ಗುಮಾಸ್ತ ಒಳಗೆ ಇಣುಕಿದ. ‘ಮತ್ತೆ ಇವನು?’

ಕೆಂಚ ಏನಂದನೋ. ಗುಮಾಸ್ತ ನಕ್ಕು, ಬರೆದುಕೊಳ್ಳಲು ಹೆಸರು ಕೇಳಿದ. ಕೆಂಚ ಹೇಳಿದ. ಡೆವನ್‌ನ ಯಾವುದೋ ಊರಿನಲ್ಲಿ ಅವನಿಗೆ ಇಟ್ಟಿದ್ದ ಹೆಸರು, ಅಲ್ಲಿ ಮೊದಲ ಸಲ ಅವನ ಬಾಯಿಂದ ಬಂತು. ಡಾರ್ಕಸ್ ಕೇಳಿಸಿಕೊಂಡಳು. ರೂಬೆನ್‌ಗೆ ಕೇಳಲಿಲ್ಲ. ಆಮೇಲೆ ಅವನು ಕೇಳಿದಾಗ ಅವಳು ಹೇಳಲೂ ಇಲ್ಲ. ‘ನಿನಗ್ಯಾಕೆ ಅದು?’ ಎಂದಳು.

‘ಬಾಗಿಲಲ್ಲಿ ಏನಂದ ನನ್ ಬಗ್ಗೆ?’

‘ಹಂಡೆ ಜೊತೆ ಬಂದ ಸೌಟು ಅಂದ.’

ಹಾಗೆ ಅವರು ಉಳಿದರು. ಕಂಬಳಿ ಬಿಚ್ಚಿದರು. ಮಂಚವಿದ್ದ ಮೂಲೆಯನ್ನು ಕೆಂಚನಿಗೆ ಬಿಟ್ಟು, ಹಂಡೆಯ ಹಿಂದಿನ ಜಾಗಕ್ಕೆ ಗೋಣಿಯ ಪರದೆ ಕಟ್ಟಿ ಅಲ್ಲಿ ಮಲಗಿದರು. ಕಮ್ಮಾರನ ಕುಲುಮೆಗೆ ಮೊಂಡಾದ ಚಾಣ ಹೊತ್ತುಕೊಂಡು ಹೋಗುವುದು, ಹರಿತವಾದದ್ದನ್ನು ಸುರಂಗದ ಬಾಯಿಗೆ ತಂದಿಡುವುದು ರೂಬೆನ್‌ನ ಕೆಲಸವಾಯಿತು. ಅರ್ಧ ಕೂಲಿ. ಒಳಗೆ ಕಾಲಿಡುವಂತಿಲ್ಲ. ಊಟದ ಹೊತ್ತಿನಲ್ಲಿ ಕೆಂಚ ಮೇಜಿನ ತಲೆಗೆ ಕೂರುತ್ತಿದ್ದ. ಉಪ್ಪು ಬೇಕಾದರೆ ರೂಬೆನ್‌ನನ್ನು ದಾಟಿ ಮುಂದಿನವನನ್ನು ಕೇಳುತ್ತಿದ್ದ. ಕಿವುಡನ ಜೊತೆ ಮಾತು ಬಿಟ್ಟರೆ ಯಾರಿಗೆ ನಷ್ಟ ಎಂದು ಕೆಲವರು ತಮಾಷೆ ಮಾಡಿದರು. ರೂಬೆನ್ ದಿನವೂ ಆ ತುಟಿಗಳನ್ನು ನೋಡುತ್ತಿದ್ದ. ಬೈಗುಳವಾದರೂ ಬರಬಹುದೆಂದು.

ಶುಕ್ರವಾರಕ್ಕೆ ಆಗಲಿಲ್ಲ, ಮುಂದಿನ ವಾರ ಎರಡೂ ಕಡೆ ಕೂಡಿತು. ಬಡಗಣದವರು ಕಂಡಿಯಲ್ಲಿ ದಾಟಿಸಿದ ಬಾಟಲಿ ಆ ಸಂಜೆ ಗುಡಿಸಲು ಗುಡಿಸಲು ಸುತ್ತಿತು. ಬಂಡೆಯೊಳಗೆ ದುಡಿದ ಪ್ರತಿಯೊಬ್ಬನೂ ಅದರಿಂದ ಒಂದು ಗುಟುಕು ಕುಡಿಯಬೇಕು. ಹದಿನಾಲ್ಕರಲ್ಲಿ ಕೆಂಚ ಮೊದಲು ಕುಡಿದ. ನೆಲಕ್ಕೊಂದಿಷ್ಟು ಸುರಿದ, ಯಾರಿಗೆಂದು ಹೇಳಲಿಲ್ಲ. ರೂಬೆನ್‌ನ ತಲೆಯ ಮೇಲಿನಿಂದ ಬಾಟಲಿಯನ್ನು ಮೂರು ಬೆರಳಿನ ವಿಲ್‌ಗೆ ಚಾಚಿದ. ವಿಲ್ ಕುಡಿದು, ಸ್ವಲ್ಪ ಹೊತ್ತು ಬಾಟಲಿ ಹಿಡಿದುಕೊಂಡು ನಿಂತು, ಕೊನೆಗೆ ಪಕ್ಕದವನಿಗೆ ಕೊಟ್ಟ. ರೂಬೆನ್ ಆಲೂಗಡ್ಡೆ ಸುಲಿಯುತ್ತಿದ್ದ. ತಲೆ ಎತ್ತಲಿಲ್ಲ.

ಬೇಸಿಗೆಗೆ ಮುದುಕಿಯ ಕೆಲಸ ಮುಗಿಯುತ್ತ ಬಂತು. ಗುಂಪಿಗೆ ಇಪ್ಪತ್ತು ಮೈಲಿ ಬಡಗಣಕ್ಕೆ ಇನ್ನೊಂದು ಸುರಂಗದ ಕರೆ ಬಂತು. ಗುಡಿಸಲು ಕಿತ್ತು ಗಾಡಿಗೆ ಹೇರುವ ದಿನ ಡಾರ್ಕಸ್ ಬೆಳಗಿನಿಂದ ಹಂಡೆಯನ್ನು ಮರಳಿನಿಂದ ಉಜ್ಜುತ್ತ ಕೂತಿದ್ದಳು, ಉಜ್ಜಿದ್ದನ್ನೇ ಉಜ್ಜುತ್ತ. ಕೇಳಬೇಕಾದದ್ದನ್ನು ಕೊನೆಗೆ ಕೇಳಿದಳು.

‘ನಮ್ಮದೇನಪ್ಪಾ?’

ಕೆಂಚ ಸೂರಿನ ಮೇಲಿದ್ದ, ಬಾಯಲ್ಲಿ ಮೊಳೆಗಳು. ಮೊಳೆ ಉಗುಳಿ, ರೂಬೆನ್ ಇದ್ದ ಕಡೆಗೆ ಮುಖ ಮಾಡದೆ, ಆದರೆ ಅವನಿಗೆ ಕಾಣದಂತೆ ತಿರುಗಿಯೂ ಕೊಳ್ಳದೆ ಹೇಳಿದ.

‘ಹಂಡೆ ಗಾಡಿಗೆ ಹಾಕವ್ವಾ. ಅಲ್ಲೂ ಗುಡಿಸಲು ನನ್ ಹೆಸರಿಗೇ ಬರ್ಸಿದೀನಿ.’

‘ಇವನು?’

‘ಚಾಣ ಹೊರೋಕೆ ಕಿವಿ ಬೇಡ.’

ರೂಬೆನ್ ಅದನ್ನು ತುಟಿಯ ಮೇಲೆ ಓದಿದ. ತಲೆ ಆಡಿಸಲಿಲ್ಲ, ಆಡಿಸಿದ್ದರೆ ಕೆಂಚ ನೋಡುತ್ತಲೂ ಇರಲಿಲ್ಲ. ಗೋಡೆಯ ಇನ್ನೊಂದು ಹಲಗೆ ಬಾಕಿಯಿತ್ತು. ಅದರ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಬಾಗಿದ್ದನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡಿ ಡಬ್ಬಿಗೆ ಹಾಕಿದ. ಹಲಗೆಯ ಒಂದು ತುದಿ ತಾನು ಹಿಡಿದ, ಇನ್ನೊಂದು ತುದಿ ಡಾರ್ಕಸ್ ಹಿಡಿದಳು. ಗಾಡಿ ಗುಡ್ಡದ ಕೆಳಗಿತ್ತು, ಗಾಳಿ ಎದುರಿನಿಂದ ಬೀಸುತ್ತಿತ್ತು. ಎರಡು ಸಲ ನಿಂತು ಸುಧಾರಿಸಿಕೊಂಡು ಇಳಿದರು.